ಇಂಗ್ಲಿಷ್ ಇ-ಮೇಲಿಗೆ ಒಂದು ‘ಅಂತೆ’ ಸೇರಿಸಿ ನೋಡಿ



ಹೋದ ತಿಂಗಳು ನಮ್ಮ ಕಚೇರಿಗೆ ಒಬ್ಬ ಹುಡುಗ ಬಂದ. ದಾವಣಗೆರೆ ಕಡೆಯವನು. ಬಿ.ಕಾಂ. ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದು ವಿಜಯನಗರದ ಪಿ.ಜಿ.ಯೊಂದರಲ್ಲಿ ಮೂವರ ಜೊತೆ ಒಂದು ಕೋಣೆಯಲ್ಲಿದ್ದಾನೆ. ಮೊಬೈಲ್ ತೆಗೆದು ಒಂದು ಇ-ಮೇಲ್ ತೋರಿಸಿದ. ಮೇಲೆ ದೊಡ್ಡ ಕಂಪನಿಯೊಂದರ ಲಾಂಛನ, ಕೆಳಗೆ ಎಚ್.ಆರ್. ಮ್ಯಾನೇಜರನ ಸಹಿ, ನಡುವೆ ಸೊಗಸಾದ ಇಂಗ್ಲಿಷ್. ನಿಮಗೆ ಕೆಲಸ ಸಿಕ್ಕಿದೆ, ಲ್ಯಾಪ್‌ಟಾಪಿಗೆ 8,500 ರೂಪಾಯಿ ಠೇವಣಿ ಕಟ್ಟಿ, ಮೊದಲ ಸಂಬಳದ ಜೊತೆ ವಾಪಸ್ ಕೊಡುತ್ತೇವೆ ಎಂದು ಒಕ್ಕಣೆ. ಹುಡುಗ ಕಟ್ಟಿದ್ದ. ದಾಖಲೆ ಪರಿಶೀಲನೆಗೆ ಎಂದು ಇನ್ನೂ 6,000 ಕೇಳಿದರು. ಅದನ್ನೂ ಕಟ್ಟಿದ್ದ. ಮೂರನೆಯ ಸಲ ಕೇಳಿದಾಗ ಅನುಮಾನ ಬಂದು ಕಂಪನಿಯ ಗೇಟಿಗೇ ಹೋದ. ಅಲ್ಲಿನ ಸೆಕ್ಯೂರಿಟಿಯವನು ಪತ್ರ ನೋಡಿ, “ಈ ವಾರದಲ್ಲಿ ನೀನು ನಾಲ್ಕನೆಯವನು ಕಣಪ್ಪಾ” ಅಂದನಂತೆ.

“ಸುಳ್ಳು ಅಂತ ಹೆಂಗೆ ಅನ್ಕೊಳ್ಳೋದು ಅಣ್ಣಾ? ಇಂಗ್ಲಿಷ್ ಅಷ್ಟು ಚೆನ್ನಾಗಿತ್ತು” ಅಂದ ಹುಡುಗ.

ಆ ಮಾತು ನನ್ನ ನಿದ್ದೆ ಕೆಡಿಸಿತು. ಅವನ ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಕತ್ತಲಲ್ಲಿ, ಓಡುವ ಬಸ್ಸಿನಲ್ಲಿ, ಬೆರಳು ತಾಗಿಸಿಯೇ ಖೋಟಾ ನೋಟು ಹಿಡಿಯುವ ಮನುಷ್ಯ. “ಅಪ್ಪನಿಗೆ ಯಾಕಪ್ಪಾ ತೋರಿಸಲಿಲ್ಲ?” ಅಂದೆ. “ಅವರಿಗೆ ಇಂಗ್ಲಿಷ್ ಬರಲ್ಲವಲ್ಲ ಅಣ್ಣಾ” ಅಂದ.

ನೋಡಿ, ಎಲ್ಲಿ ಏಟು ಬಿತ್ತು ಅಂತ. ಮನೆಯಲ್ಲೇ ಒಬ್ಬ ಪರೀಕ್ಷಕ ಇದ್ದ. ಆದರೆ ಆ ಪತ್ರ ಇಂಗ್ಲಿಷಿನಲ್ಲಿ ಬಂದದ್ದರಿಂದ ಮನೆಯ ವಿವೇಕ ಹೊರಗೇ ಉಳಿಯಿತು. ಅದೇ ಒಕ್ಕಣೆಯನ್ನು ಹುಡುಗ ಊಟಕ್ಕೆ ಕೂತಾಗ ಕನ್ನಡದಲ್ಲಿ ಹೇಳಿದ್ದರೆ ಹೇಗಿರುತ್ತಿತ್ತು? “ಅಪ್ಪಾ, ನನಗೆ ಕೆಲಸ ಕೊಡ್ತಾರಂತೆ, ಅದಕ್ಕೆ ನಾನೇ ಅವರಿಗೆ ದುಡ್ಡು ಕೊಡಬೇಕಂತೆ.” ಅಪ್ಪ ತಟ್ಟೆಯಿಂದ ತಲೆ ಎತ್ತದೆ, “ಸಂಬಳ ಕೊಡೋನು ನಿನ್ನ ಹತ್ರ ಯಾಕೋ ಸಾಲ ಕೇಳ್ತಾನೆ?” ಅನ್ನುತ್ತಿದ್ದ. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಕನ್ನಡದ ಆ ‘ಅಂತೆ’ಯನ್ನು ಗಮನಿಸಿ. ಕಣ್ಣಾರೆ ಕಾಣದ್ದನ್ನು, ಬೇರೆಯವರು ಹೇಳಿದ್ದನ್ನು ನಾವು ‘ಅಂತೆ’ ಇಲ್ಲದೆ ಹೇಳುವುದೇ ಇಲ್ಲ. ನಂಬುವ ಮೊದಲು ಒಂದು ಕ್ಷಣ ನಿಲ್ಲು ಎಂದು ನಮ್ಮ ನುಡಿಯೇ ನಮಗೆ ಕಲಿಸಿದೆ. ಇ-ಮೇಲ್ ವಿಷಯದಲ್ಲಿ ನಿಮಗೆ ಬೇಕಾದ ಮೊದಲ ರಕ್ಷಣೆ ಇದೇ. ಎರಡನೆಯದು, ಈ ಇ-ಮೇಲ್ ಎಂಬುದು ಹೇಗೆ ಓಡಾಡುತ್ತದೆ ಎಂಬ ತಿಳಿವಳಿಕೆ. ಅದನ್ನು ಕನ್ನಡದಲ್ಲಿ ಯಾರೂ ನಮಗೆ ಕೂರಿಸಿ ಹೇಳಲಿಲ್ಲ. ಇವತ್ತು ಹೇಳಿಕೊಳ್ಳೋಣ.

ನಾನು ಕಳಿಸಿದ ಇ-ಮೇಲ್ ಎಲ್ಲಿಗೆ ಹೋಗುತ್ತದೆ?

ನಿಮ್ಮ ಮೊಬೈಲಿನಿಂದ ನೇರವಾಗಿ ಗೆಳೆಯನ ಮೊಬೈಲಿಗೆ ಹೋಗುವುದಿಲ್ಲ. ಅಂಚೆಯಂತೆಯೇ ಹೋಗುತ್ತದೆ. ನೀವು ಕಳಿಸಿದ ಕೂಡಲೇ ಅದು ನಿಮ್ಮ ಸೇವೆಯವರ ಸರ್ವರ್ ಎಂಬ ಅಂಚೆ ಕಚೇರಿಗೆ ಬೀಳುತ್ತದೆ. ಆ ಸರ್ವರ್ ವಿಳಾಸದಲ್ಲಿ @ ಗುರುತಿನ ಬಲಕ್ಕಿರುವ ಭಾಗವನ್ನು ಓದುತ್ತದೆ. ಈ ಹೆಸರಿನವರ ಟಪಾಲು ಯಾವ ಯಂತ್ರಕ್ಕೆ ಸೇರಬೇಕು ಎಂದು ಇಂಟರ್ನೆಟ್ಟಿನ ವಿಳಾಸ ಪುಸ್ತಕವನ್ನು ಕೇಳುತ್ತದೆ. ಅಲ್ಲಿಗೆ ಒಪ್ಪಿಸುತ್ತದೆ. ಆ ಕಡೆಯ ಸರ್ವರ್ @ ಗುರುತಿನ ಎಡಕ್ಕಿರುವ ಹೆಸರು ನೋಡಿ ಅವನ ಪೆಟ್ಟಿಗೆಗೆ ಹಾಕಿಡುತ್ತದೆ. ಗೆಳೆಯನ ಮೊಬೈಲು ಅಲ್ಲಿಂದ ತೆಗೆದು ತೋರಿಸುತ್ತದೆ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಮೊಬೈಲು ಕಳೆದರೆ ಸಾಮಾನ್ಯವಾಗಿ ಪತ್ರಗಳು ಕಳೆಯುವುದಿಲ್ಲ, ಅವು ಸರ್ವರಿನಲ್ಲಿ ಭದ್ರ. ಆದರೆ ನಿಮ್ಮ ಪಾಸ್‌ವರ್ಡ್ ತಿಳಿದವನು ನಿಮ್ಮ ಮೊಬೈಲು ಮುಟ್ಟದೆಯೇ, ಎಲ್ಲೋ ಕೂತು, ಎಲ್ಲವನ್ನೂ ಓದಬಲ್ಲ.

ಕಳಿಸಿದವನ ಹೆಸರನ್ನು ನಂಬಬಹುದೇ?

ನಂಬಬಾರದು. ಇದಕ್ಕೊಂದು ಚರಿತ್ರೆ ಇದೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಇ-ಮೇಲ್ ಕಳಿಸಿದವನು ಅಮೆರಿಕದ ರೇ ಟಾಮ್ಲಿನ್‌ಸನ್, 1971ರಲ್ಲಿ. ಆ @ ಗುರುತನ್ನು ಆರಿಸಿದವನೂ ಅವನೇ. ಇ-ಮೇಲ್ ಸಾಗಿಸುವ ನಿಯಮಗಳು 1982ರಲ್ಲಿ ಬರಹಕ್ಕೆ ಇಳಿದವು. ಆಗ ಜಾಲದಲ್ಲಿ ಇದ್ದವರು ವಿಶ್ವವಿದ್ಯಾಲಯದವರು, ಸಂಶೋಧಕರು. ಒಬ್ಬರಿಗೊಬ್ಬರು ಗೊತ್ತಿದ್ದವರು. ಹಾಗಾಗಿ ಕಳಿಸಿದವನು ನಿಜಕ್ಕೂ ಅವನೇನಾ ಎಂದು ಪರೀಕ್ಷಿಸುವ ಏರ್ಪಾಡನ್ನೇ ಅವರು ಇಡಲಿಲ್ಲ. ಇನ್‌ಲ್ಯಾಂಡ್ ಲೆಟರಿನ ಹಿಂಬದಿಯಲ್ಲಿ ‘ಇಂದ: ವಿಧಾನಸೌಧ’ ಎಂದು ಬರೆದು ಯಾವ ಡಬ್ಬಿಗೆ ಹಾಕಿದರೂ ಪೋಸ್ಟ್‌ಮ್ಯಾನ್ ಕೇಳುತ್ತಾನೆಯೇ? ಇದೂ ಅಷ್ಟೇ. ಆ ಜಾಗದಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು.

ಇದಕ್ಕೆ ಆಮೇಲೆ ತೇಪೆ ಹಾಕಿದರು. ಎಸ್‌ಪಿಎಫ್ ಎಂಬುದು, ನಮ್ಮ ಹೆಸರಿನಲ್ಲಿ ಟಪಾಲು ಕಳಿಸಲು ಇಂತಿಂಥ ಯಂತ್ರಗಳಿಗೆ ಮಾತ್ರ ಅಧಿಕಾರ ಎಂದು ಸಂಸ್ಥೆ ಪ್ರಕಟಿಸುವ ಪಟ್ಟಿ. ಡಿಕಿಮ್ ಎಂಬುದು ಅರಗಿನ ಮುದ್ರೆ. ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬುದಕ್ಕೆ ಸಾಕ್ಷಿ. ಡಿಮಾರ್ಕ್ ಎಂಬುದು, ಈ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕು ಎಂಬ ಆದೇಶ. ಜಿಮೇಲನ್ನು ಕಂಪ್ಯೂಟರಿನಲ್ಲಿ ತೆರೆದು, ಪತ್ರದ ಮೂಲೆಯ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಎಂಬುದನ್ನು ಆರಿಸಿದರೆ ಈ ಮೂರರ ಫಲಿತಾಂಶವೂ ಕಾಣುತ್ತದೆ.

ಆದರೆ ಅಲ್ಲಿ ‘ಪಾಸ್’ ಎಂದು ಬಂದ ಮಾತ್ರಕ್ಕೆ ಹಿಗ್ಗಬೇಡಿ. ಮುದ್ರೆ ಸರಿ ಇದೆ ಎಂದಷ್ಟೇ ಅದರ ಅರ್ಥ, ಮನುಷ್ಯ ಸಾಚಾ ಎಂದಲ್ಲ. ಕಂಪನಿಯ ಹೆಸರಿಗೆ ಒಂದು ಅಡ್ಡಗೆರೆ, ಒಂದು ‘ಕೆರಿಯರ್ಸ್’ ಸೇರಿಸಿ ಹೊಸ ಹೆಸರೊಂದನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಆ ಹೆಸರಿಗೆ ಅಸಲಿ ಮುದ್ರೆಯೂ ಸಿಗುತ್ತದೆ. ನಮ್ಮ ಹುಡುಗನಿಗೆ ಬಂದದ್ದು ಅಂಥದೇ.

ಹಾಗಾದರೆ ವಿಳಾಸವನ್ನು ಓದುವುದು ಹೇಗೆ?

ಬಲತುದಿಯಿಂದ ಓದಿ. ಊರಿಗೆ ಹೋಗುವ ಕಾಗದವನ್ನು ಅಂಚೆಯವರು ವಿಂಗಡಿಸುವಾಗ ಮೊದಲು ನೋಡುವುದು ಕೊನೆಯ ಸಾಲನ್ನು. ಮನೆಯ ಹೆಸರು ‘ಕೈಲಾಸ’ ಎಂದಿದ್ದರೆ ಕಾಗದವನ್ನು ಹಿಮಾಲಯಕ್ಕೆ ಕಳಿಸುವುದಿಲ್ಲ. ಜಿಲ್ಲೆ ಯಾವುದು, ಪಿನ್ ಕೋಡ್ ಯಾವುದು ಎಂದು ನೋಡುತ್ತಾರೆ. ಹಾಗೆಯೇ ‘ನಿಮ್ಮಬ್ಯಾಂಕ್ ಡಾಟ್ ಕೆವೈಸಿ-ಅಪ್‌ಡೇಟ್ ಡಾಟ್ ಕಾಮ್’ ಎಂದಿದ್ದರೆ ಅದರ ಒಡೆಯ ನಿಮ್ಮ ಬ್ಯಾಂಕ್ ಅಲ್ಲ. ಬಲತುದಿಯ ‘ಕೆವೈಸಿ-ಅಪ್‌ಡೇಟ್ ಡಾಟ್ ಕಾಮ್’ ಯಾರದೋ, ಅವನೇ ಒಡೆಯ. ‘ನಿಮ್ಮಬ್ಯಾಂಕ್’ ಎಂಬುದು ಅವನು ತನ್ನ ಮನೆಗೆ ಇಟ್ಟುಕೊಂಡ ಹೆಸರು ಅಷ್ಟೇ. ಪತ್ರದೊಳಗಿನ ಲಿಂಕಿಗೂ ಇದೇ ಲೆಕ್ಕ. ಮೇಲೆ ಕಾಣುವ ಅಕ್ಷರ ಒಂದು, ಅದು ಕರೆದೊಯ್ಯುವ ಜಾಗ ಇನ್ನೊಂದು ಇರಬಹುದು. ಲಿಂಕಿನ ಮೇಲೆ ಬೆರಳು ಒತ್ತಿ ಹಿಡಿದರೆ ಅಸಲು ವಿಳಾಸ ಕಾಣುತ್ತದೆ. ಉದ್ದದ ವಿಳಾಸವಾದರೆ ಮೊದಲ ಒಂಟಿ ಓರೆಗೆರೆ ಬರುವವರೆಗಿನ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಕೆಲಸ ಮಾಡಿದೆ. ದೇಶದ ಬ್ಯಾಂಕುಗಳೆಲ್ಲ ತಮ್ಮ ಜಾಲತಾಣವನ್ನು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ವಿಳಾಸಕ್ಕೆ ಬದಲಿಸಬೇಕೆಂದು ಆದೇಶಿಸಿತು. ಈ ಕೊನೆಯನ್ನು ಬ್ಯಾಂಕುಗಳಿಗೆ ಮಾತ್ರ ಕೊಡುತ್ತಾರೆ, ಪೇಟೆಯಲ್ಲಿ ಕೊಳ್ಳಲು ಬರುವುದಿಲ್ಲ. ಆದ್ದರಿಂದ ಬ್ಯಾಂಕಿನ ಹೆಸರಿನಲ್ಲಿ ಬಂದ ಲಿಂಕು ಬೇರೆ ರೀತಿ ಮುಗಿದಿದ್ದರೆ ಅಲ್ಲಿ ಪಾಸ್‌ವರ್ಡ್, ಒಟಿಪಿ ಹಾಕಬೇಡಿ. ಅದಕ್ಕಿಂತ ಕ್ಷೇಮದ ದಾರಿ, ಯಾವ ಲಿಂಕನ್ನೂ ಒತ್ತದೆ ಬ್ಯಾಂಕಿನ ಆ್ಯಪನ್ನು ನೀವೇ ತೆರೆಯುವುದು.

ತೆರೆದರೆ ಸಾಕು, ವೈರಸ್ ಬಂದುಬಿಡುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಓದುವುದರಿಂದ ಕೇಡಾಗುವುದು ಅಪರೂಪ. ಕೇಡು ಇರುವುದು ಜೊತೆಗೆ ಲಗತ್ತಿಸಿದ ಫೈಲಿನಲ್ಲಿ ಮತ್ತು ಲಿಂಕಿನಲ್ಲಿ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ತಲೆಬರಹದ ಇ-ಮೇಲೊಂದು ಫಿಲಿಪೀನ್ಸಿನಿಂದ ಹೊರಟು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿತು. ಲಗತ್ತಿಸಿದ್ದು ಪ್ರೇಮಪತ್ರ ಎಂದು ಹೆಸರು. ನಡುವೆ ‘ಡಾಟ್ ಟಿಎಕ್ಸ್‌ಟಿ’ ಎಂದಿದ್ದರಿಂದ ಬರೀ ಬರಹ ಎಂದುಕೊಂಡರು. ಕೊನೆಯಲ್ಲಿ ಕಾಣದಂತೆ ಇನ್ನೊಂದು ಬಾಲವಿತ್ತು: ‘ಡಾಟ್ ವಿಬಿಎಸ್’. ಅದು ಬರಹವಲ್ಲ, ಪ್ರೋಗ್ರಾಂ. ತೆರೆದವನ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದು ತನ್ನನ್ನು ತಾನೇ ಕಳಿಸಿಕೊಂಡಿತು. ಅಂದರೆ ಅದು ಬಂದದ್ದು ಗೊತ್ತಿದ್ದವರಿಂದಲೇ! ಆದ್ದರಿಂದ ಗೆಳೆಯನಿಂದ ಬಂದಿದೆ ಎಂಬುದೂ ಖಾತರಿಯಲ್ಲ. ಕೇಳದೆ ಬಂದ ಫೈಲನ್ನು ಮುಟ್ಟುವ ಮೊದಲು ಫೋನ್ ಮಾಡಿ ಕೇಳಿ.

ಪಾಸ್‌ವರ್ಡ್ ಬಗ್ಗೆ ಇಷ್ಟೇಕೆ ಗಲಾಟೆ?

ಯಾಕೆಂದರೆ ಇ-ಮೇಲ್ ಈಗ ಬರೀ ಪತ್ರದ ಡಬ್ಬಿಯಾಗಿ ಉಳಿದಿಲ್ಲ, ಕೀಲಿಗೊಂಚಲಾಗಿದೆ. ಬೇರೆ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದು ಬರುವುದು ಎಲ್ಲಿಗೆ? ಇಲ್ಲಿಗೇ. ಇದನ್ನು ಹಿಡಿದವನು ಉಳಿದ ಬಾಗಿಲುಗಳನ್ನೂ ಒಂದೊಂದಾಗಿ ತೆಗೆಯುತ್ತಾನೆ.

ಈಗ ನಿಮ್ಮ ಎದೆ ಮುಟ್ಟಿಕೊಂಡು ಹೇಳಿ, ನಿಮ್ಮ ಇ-ಮೇಲ್ ಮಾಡಿಕೊಟ್ಟವರು ಯಾರು? ನಮ್ಮಲ್ಲಿ ಎಷ್ಟೋ ಹುಡುಗ ಹುಡುಗಿಯರದು ಕಾಲೇಜು ಎದುರಿನ ಸೈಬರ್ ಸೆಂಟರಿನಲ್ಲಿ ಹುಟ್ಟಿದ್ದು. ಸಿಇಟಿ ಅರ್ಜಿಗೋ ಸ್ಕಾಲರ್‌ಶಿಪ್ಪಿಗೋ ಬೇಕು ಎಂದಾಗ ಅಂಗಡಿಯವನೇ ಮಾಡಿ, ನಿಮ್ಮ ಹೆಸರಿನ ಮುಂದೆ 123 ಸೇರಿಸಿ, ಚೀಟಿಯಲ್ಲಿ ಬರೆದುಕೊಟ್ಟ. ಅವನು ಒಳ್ಳೆಯವನೇ ಇರಬಹುದು. ಆದರೆ ಆ ಚೀಟಿ ಇವತ್ತಿಗೂ ನಿಮ್ಮ ಪಾಸ್‌ವರ್ಡ್ ಆಗಿರಬೇಕೇ? ಇವತ್ತೇ ಬದಲಿಸಿ. ಉದ್ದದ್ದು ಇಡಿ, ನಿಮಗಷ್ಟೇ ಗೊತ್ತಿರುವ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ ನೆನಪಿಗೂ ಸುಲಭ. ಅದನ್ನು ಬೇರೆಲ್ಲೂ ಬಳಸಬೇಡಿ. ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ. ಆಗ ಪಾಸ್‌ವರ್ಡ್ ಕದ್ದವನಿಗೂ ಒಳಗೆ ಬರಲು ನಿಮ್ಮ ಮೊಬೈಲೇ ಬೇಕಾಗುತ್ತದೆ.

ಇನ್ನೊಂದು ಮಾತು. ಆಫರ್ ಬಂತೆಂದು ಸಿಮ್ ಬದಲಿಸುವ ಚಾಳಿ ನಮಗಿದೆ. ನೀವು ಬಿಟ್ಟ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ನಿಮ್ಮ ಇ-ಮೇಲಿನಲ್ಲಿ ಹಳೆಯ ನಂಬರೇ ಇದ್ದರೆ ಒಟಿಪಿ ಹೋಗುವುದು ಆ ಅಪರಿಚಿತನಿಗೆ. ಸಿಮ್ ಬದಲಿಸಿದ ದಿನವೇ ಅಲ್ಲಿಯೂ ಬದಲಿಸಿ. ಜಿಮೇಲ್ ಇರುವವರು ಆಗಾಗ ತೆರೆದಾದರೂ ನೋಡಿ. ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ಶುರುಮಾಡಿದೆ.

“ನಿನ್ನ ವಿಡಿಯೋ ನನ್ನ ಬಳಿ ಇದೆ” ಎಂದು ಬೆದರಿಸಿದರೆ?

ಇದನ್ನು ಯಾರಿಗೂ ಹೇಳಲಾಗದೆ ಒಳಗೊಳಗೇ ಬೇಯುವವರು ಬಹಳ. ನಿನ್ನ ಕ್ಯಾಮೆರಾದಿಂದಲೇ ಚಿತ್ರ ತೆಗೆದಿದ್ದೇನೆ, ಬಿಟ್‌ಕಾಯಿನ್‌ನಲ್ಲಿ ಹಣ ಕಳಿಸು, ಇಲ್ಲವಾದರೆ ನಿನ್ನವರಿಗೆಲ್ಲ ಕಳಿಸುತ್ತೇನೆ ಎಂಬ ಪತ್ರ. ನಂಬಿಸಲು ನಿಮ್ಮದೇ ಒಂದು ಹಳೆಯ ಪಾಸ್‌ವರ್ಡನ್ನೂ ಬರೆದಿರುತ್ತಾನೆ. ಅದು ಸಾಮಾನ್ಯವಾಗಿ ಯಾವುದೋ ಕಂಪನಿಯಿಂದ ಸೋರಿಹೋದ ಪಟ್ಟಿಯಲ್ಲಿ ಸಿಕ್ಕಿದ್ದು. ಅದೇ ಒಕ್ಕಣೆ ಸಾವಿರಾರು ಜನರಿಗೆ ಹೋಗಿರುತ್ತದೆ. ಹಣ ಕೊಡಬೇಡಿ, ಉತ್ತರ ಬರೆಯಬೇಡಿ. ಆ ಪಾಸ್‌ವರ್ಡ್ ಎಲ್ಲಾದರೂ ಇನ್ನೂ ಬಳಕೆಯಲ್ಲಿದ್ದರೆ ಬದಲಿಸಿ. ಒಬ್ಬ ಗೆಳೆಯನಿಗೋ ಅಕ್ಕನಿಗೋ ಬಾಯಿಬಿಟ್ಟು ಹೇಳಿ. ಇಂಥ ಪತ್ರದ ಬಂಡವಾಳವೇ ನಿಮ್ಮ ನಾಚಿಕೆ.

ಸಣ್ಣ ಪ್ರಶ್ನೆಗಳು ಎರಡು. ಕಳಿಸಿದ್ದನ್ನು ವಾಪಸ್ ತೆಗೆಯಬಹುದೇ? ಜಿಮೇಲಿನಲ್ಲಿ ಹೆಚ್ಚೆಂದರೆ 30 ಸೆಕೆಂಡಿನೊಳಗೆ ತಡೆಯಬಹುದು, ಅಷ್ಟೇ. ಆ ಕಚೇರಿಯ ಡಬ್ಬಿಗೆ ಬಿದ್ದ ಮೇಲೆ ನಿಮ್ಮ ಕೈಯಲ್ಲಿಲ್ಲ. ಸಿಸಿ, ಬಿಸಿಸಿ ಎಂದರೇನು? ಸಿಸಿಯಲ್ಲಿ ಹಾಕಿದರೆ ಎಲ್ಲರ ವಿಳಾಸ ಎಲ್ಲರಿಗೂ ಕಾಣುತ್ತದೆ, ಬಿಸಿಸಿಯಲ್ಲಿ ಕಾಣುವುದಿಲ್ಲ. ಸಂಘಟನೆ ಮಾಡುವ ಗೆಳೆಯರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಿ. ಸಭೆಯ ಕರೆಯೋಲೆಯನ್ನು 200 ಜನರಿಗೆ ಸಿಸಿಯಲ್ಲಿ ಕಳಿಸಿದರೆ 200 ಜನರ ವಿಳಾಸವನ್ನು ಬೀದಿಗೆ ಹಾಕಿದಂತೆ.

ಹಣ ಹೋದ ಮೇಲೆ ಏನು ಮಾಡುವುದು?

ಕೂತು ಅಳುವುದಲ್ಲ, ಫೋನ್ ಮಾಡುವುದು. ನಂಬರ್ 1930. ದೇಶಕ್ಕೆಲ್ಲ ಒಂದೇ. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ದಾಟುವ ಮೊದಲು ತಡೆಯಲು ಸಾಧ್ಯ. ಆದ್ದರಿಂದ ಇಲ್ಲಿ ಗಂಟೆಗೂ ಬೆಲೆ, ನಿಮಿಷಕ್ಕೂ ಬೆಲೆ. ಬ್ಯಾಂಕಿಗೂ ತಿಳಿಸಿ. ಆಮೇಲೆ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಆ ಇ-ಮೇಲನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಅದೇ ಸಾಕ್ಷಿ. ಬೇರೆಯವರ ವೇಷ ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ದೂರನ್ನು ಕನ್ನಡದಲ್ಲೇ ಬರೆದುಕೊಡಿ. ನಮ್ಮ ಹುಡುಗ ಮಾತ್ರ ಠಾಣೆ ಮೆಟ್ಟಿಲು ಹತ್ತಿದ್ದು ಹನ್ನೊಂದು ದಿನಗಳ ನಂತರ. ಹನ್ನೊಂದು ದಿನವೂ ಅವನನ್ನು ತಡೆದದ್ದು ಒಂದೇ ಯೋಚನೆ: “ಓದಿದವನು ಮೋಸಹೋದೆ ಅಂದರೆ ನಗ್ತಾರೆ.”

ಈಗ ನಮ್ಮ ಮಾತಿಗೆ ಬರೋಣ. ಇ-ಮೇಲ್ ಹುಟ್ಟಿದಾಗ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಒಂದಷ್ಟು ಗುರುತುಗಳು ಬಿಟ್ಟು ಬೇರೇನನ್ನೂ ಅದು ಹೊರುತ್ತಿರಲಿಲ್ಲ. ಬೇರೆ ಲಿಪಿಗಳನ್ನೂ ಚಿತ್ರಗಳನ್ನೂ ಸಾಗಿಸುವ ಮೈಮ್ ಎಂಬ ವ್ಯವಸ್ಥೆ ಬಂದದ್ದು 1992ರಲ್ಲಿ. ಆಮೇಲೂ ನಮ್ಮ ಅಕ್ಷರ ಅತ್ತ ಕಡೆ ಅದೇ ಫಾಂಟ್ ಇಲ್ಲದಿದ್ದರೆ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಗೋಳು ತಪ್ಪಿತು. ಇ-ಮೇಲ್ ವಿಳಾಸವನ್ನೇ ಇಂಗ್ಲಿಷಲ್ಲದ ಲಿಪಿಯಲ್ಲಿ ಬರೆಯುವ ನಿಯಮಗಳು 2012ರಲ್ಲಿ ಬಂದವು. ಅಂದರೆ ಯಂತ್ರ ಕನ್ನಡ ಕಲಿತಾಗಿದೆ. ಕಲಿಯದೆ ಕೂತಿರುವವರು ನಮಗೆ ಪತ್ರ ಬರೆಯುವ ಸಂಸ್ಥೆಗಳು.

ಗ್ರಾಹಕರು ಬಳಸುವ ಮುದ್ರಿತ ನಮೂನೆಗಳು, ಚಲನ್, ಪಾಸ್‌ಬುಕ್ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಸರಿ, ಆದರೆ ಇವತ್ತು ಚಲನ್ ತುಂಬುವವರು ಎಷ್ಟು ಮಂದಿ? ವ್ಯವಹಾರ ಇ-ಮೇಲಿಗೆ ಹೋಯಿತು. ಕನ್ನಡ ಮಾತ್ರ ಚಲನ್‌ನಲ್ಲೇ ಉಳಿಯಿತು. “ಎಚ್ಚರ, ನಿಮ್ಮ ಒಟಿಪಿ ಯಾರಿಗೂ ಹೇಳಬೇಡಿ” ಎಂಬ ಮಾತು ಕನ್ನಡಿಗನಿಗೆ ಇಂಗ್ಲಿಷಿನಲ್ಲಿ ಬರುವುದೆಂದರೆ, ಬೆಂಕಿ ಬಿದ್ದ ಮನೆಯವನನ್ನು ಅವನಿಗೆ ತಿಳಿಯದ ಭಾಷೆಯಲ್ಲಿ ಕೂಗಿ ಎಬ್ಬಿಸಿದಂತೆ. ನಿಮ್ಮ ಬ್ಯಾಂಕಿಗೆ ಎರಡು ಸಾಲಿನ ಇ-ಮೇಲ್ ಬರೆಯಿರಿ: ಎಚ್ಚರಿಕೆಗಳನ್ನು ನನಗೆ ಕನ್ನಡದಲ್ಲಿ ಕಳಿಸಿ. ಸಾವಿರ ಜನ ಬರೆದರೆ ಅವರಿಗೂ ಕಿವಿ ಕೇಳುತ್ತದೆ.

ಆದರೆ ಒಂದು ಭ್ರಮೆ ಬೇಡ. ಕನ್ನಡದಲ್ಲಿ ಬಂದದ್ದೆಲ್ಲ ನಿಜ ಎಂದು ನಾನು ಹೇಳುತ್ತಿಲ್ಲ. ಅನುವಾದ ಮಾಡುವ ಯಂತ್ರ ಈಗ ಕಳ್ಳನ ಕೈಯಲ್ಲೂ ಇದೆ. ನಾಳೆ ಅವನು “ಮಾನ್ಯರೇ” ಎಂದು ಅಚ್ಚಗನ್ನಡದಲ್ಲೇ ಶುರುಮಾಡಬಹುದು. ಇಂಗ್ಲಿಷಿಗೆ ಬೆರಗಾಗಿ ಮೋಸಹೋದವರು ಕನ್ನಡಕ್ಕೆ ಕರಗಿ ಮೋಸಹೋಗುವುದು ಬೇಡ. ಯಾವ ಭಾಷೆಯಲ್ಲೇ ಬರಲಿ, ಅದನ್ನು ನಿಮ್ಮ ಮಾತಿನಲ್ಲಿ, ಒಂದೇ ವಾಕ್ಯದಲ್ಲಿ, ಕೊನೆಗೆ ‘ಅಂತೆ’ ಸೇರಿಸಿ, ಎದುರಿಗಿದ್ದವರಿಗೆ ಹೇಳಿ. “ಟಿಕೆಟ್ಟೇ ಕೊಳ್ಳದ ಲಾಟರಿಯಲ್ಲಿ ನನಗೆ ಕೋಟಿ ಬಂದಿದೆಯಂತೆ.” “ಬ್ಯಾಂಕಿನವರಿಗೆ ನನ್ನ ಪಾಸ್‌ವರ್ಡ್ ಬೇಕಂತೆ.” “ಇನ್ನು ಎರಡು ಗಂಟೆಯಲ್ಲಿ ಕಟ್ಟದಿದ್ದರೆ ಕರೆಂಟು ತೆಗೀತಾರಂತೆ, ಅದಕ್ಕೆ ಯಾರದೋ ಖಾಸಗಿ ನಂಬರಿಗೆ ಫೋನ್ ಮಾಡಬೇಕಂತೆ.” ಹೇಳುತ್ತಿರುವಾಗಲೇ ನಿಮಗೇ ನಗು ಬಂದರೆ, ಅದು ಸುಳ್ಳು.

ಇಂಗ್ಲಿಷ್ ಕಲಿಯಿರಿ, ಬೇಡ ಅಂದವರು ಯಾರು? ಆದರೆ ಅದರ ಮುಂದೆ ಬುದ್ಧಿಯನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಹೋಗಬೇಡಿ. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ, ನಿಮಗೆ ಬಂದ ಒಂದು ಇ-ಮೇಲಿನ ವಿಷಯವನ್ನು ಅಪ್ಪನಿಗೋ ಅವ್ವನಿಗೋ ಕನ್ನಡದಲ್ಲಿ ಹೇಳಿ ನೋಡಿ. ಅವರು ಏನು ಕೇಳುತ್ತಾರೆ, ಕಿವಿಗೊಡಿ.

ಆ ಕಂಡಕ್ಟರ್ ಅಪ್ಪನಿಗೆ ಮಗ ಕೊನೆಗೂ ಎಲ್ಲ ಹೇಳಿದನಂತೆ. ಅವರು ಬೈಯಲಿಲ್ಲವಂತೆ. “ಮೊದಲೇ ಹೇಳಬಾರದಿತ್ತೇನೋ” ಅಂದರಂತೆ, ಅಷ್ಟೇ.